ಯಾವ ಡಬರಿ ಯಾವ ಮನೆಗೆ

ನಮ್ಮ ಅತ್ತಿಗೆ ಏನು ಕೆಲಸ ಮಾಡುತ್ತಿದ್ದಳು ಎಂದು ಯಾರಾದರೂ ಕೇಳಿದರೆ ನಾನು ಈಗಲೂ ತಬ್ಬಿಬ್ಬಾಗುತ್ತೇನೆ. ಅಣ್ಣನ ಕೆಲಸ ಹೇಳಬಲ್ಲೆ. ಶಾಮಿಯಾನ ಕಟ್ಟಿಸುವುದು, ಸೀರಿಯಲ್ ಲೈಟು ಎಳೆಸುವುದು, ಕೆಲಸದವರ ಮೇಲೆ ರೇಗುವುದು. ನನ್ನ ಕೆಲಸವನ್ನಂತೂ ಕೇಳುವವರಿದ್ದರೆ ಸಂಜೆಯವರೆಗೆ ಹೇಳಬಲ್ಲೆ. ಗಲ್ಲೆಯ ಮುಂದೆ ಕೂತು ಬುಕಿಂಗ್ ಹಿಡಿಯುವುದು, ಗಿರಾಕಿಗಳ ಜೊತೆ ಚೌಕಾಸಿ ಮಾಡುವುದು, ಮದುವೆ ಸೀಸನ್ನಿನಲ್ಲಿ ಇಸ್ತ್ರಿ ಅಂಗಿ ಹಾಕಿಕೊಂಡು ದೊಡ್ಡ ಮನುಷ್ಯನ ಹಾಗೆ ಓಡಾಡುವುದು. ಅತ್ತಿಗೆ? ಹಿತ್ತಲ ಗೋಡೌನಿನ ಬಾಗಿಲಲ್ಲಿ ಕಾಲು ಚಾಚಿ ಕೂತು ಎಲೆಅಡಿಕೆ ಮೆಲ್ಲುತ್ತಾ, ಬಂದುಹೋಗುವವರ ಜೊತೆ ಹರಟೆ ಹೊಡೆಯುತ್ತಿದ್ದಳು. ನನ್ನ ಕಣ್ಣಿಗೆ ಬಿದ್ದದ್ದು ಇಷ್ಟು.

ಅವಳು ಹೋದಾಗ ಮಾತಾಡಿಸಲು ಬಂದ ಜನ ನನ್ನೆದುರಿಗೇ ಕೂತು, ‘ಅಂಗಡಿ ಇನ್ಯಾರು ನೋಡ್ಕಂತಾರೆ?’ ಎಂದು ಕೇಳತೊಡಗಿದರು. ಬೋರ್ಡಿನ ಮೇಲೆ ಇರುವುದು ನನ್ನ ಹೆಸರು. ಲೈಸೆನ್ಸು ನನ್ನದು. ನಾನು ಗುಂಡುಕಲ್ಲಿನ ಹಾಗೆ ಎದುರಿಗೇ ಕೂತಿದ್ದೇನೆ. ‘ಏನ್ರೀ, ನಾನು ಸತ್ತಿದೀನಾ?’ ಎಂದು ಕೇಳಬೇಕೆನಿಸಿತು. ಸಾವಿನ ಮನೆಯಲ್ಲಿ ಅದೆಂಥ ಮಾತು ಎಂದು, ಎದ್ದು ಹೋಗಿ ಬಂದವರಿಗೆ ಇನ್ನೊಂದು ಜಮಖಾನ ಹಾಸಿದೆ.

‘ಅವಳು’ ಎಂದು ಬರೆಯುತ್ತಿದ್ದೇನೆ, ತಪ್ಪು ತಿಳಿಯಬೇಡಿ. ನಾನು ಶಾಲೆಗೆ ಹೋಗುವಾಗ ಅವಳು ಈ ಮನೆಗೆ ಸೊಸೆಯಾಗಿ ಬಂದಳು. ಅವ್ವ ಆಗಲೇ ಮೂಲೆ ಹಿಡಿದಿದ್ದಳು. ನನ್ನ ತಲೆಗೆ ಎಣ್ಣೆ ಒತ್ತಿ, ನನ್ನ ಬುತ್ತಿ ಕಟ್ಟಿ, ಮುಂದೆ ಹೆಣ್ಣು ಹುಡುಕಿ ಮದುವೆ ಮಾಡಿಸಿದವಳು ಅವಳೇ. ಎದುರಿಗೆ ಬಹುವಚನ, ಮನಸ್ಸಿನಲ್ಲಿ ಏಕವಚನ. ಕಾಗದದ ಮೇಲೆ ಈಗ ಹೊಸದಾಗಿ ಮರ್ಯಾದೆ ಕೊಡಲು ಹೋದರೆ ಅವಳೇ ನಕ್ಕಾಳು.

ಚಳ್ಳಕೆರೆಯಲ್ಲಿ ನಮ್ಮದು ಶಾಮಿಯಾನ ಮತ್ತು ಪಾತ್ರೆ ಬಾಡಿಗೆಯ ಅಂಗಡಿ. ತೊಂಬತ್ತರ ದಶಕದ ಶುರುವಿನಲ್ಲಿ ಅಣ್ಣ ತಮ್ಮಂದಿರು ಸೇರಿ ಹಾಕಿದ್ದು. ಎಣ್ಣೆಮಿಲ್ಲುಗಳು ಜೋರಾಗಿ ಓಡುತ್ತಿದ್ದ ಕಾಲ. ಅಲ್ಲಿಯವರೆಗೆ ಹಳ್ಳಿಯವರು ಮದುವೆಗೆ ಅವರಿವರ ಮನೆಯಿಂದ ಪಾತ್ರೆ ಎರವಲು ತರುತ್ತಿದ್ದರು. ನಾವು ಅದನ್ನು ವ್ಯಾಪಾರ ಮಾಡಿದೆವು. ಕುರ್ಚಿ, ಟೇಬಲ್ಲು, ಜಮಖಾನ, ನೀರಿನ ಡ್ರಮ್ಮು, ಸೌಟು, ಬಕೀಟು. ಎಲ್ಲಕ್ಕಿಂತ ಮುಖ್ಯವಾಗಿ ಡಬರಿಗಳು. ಊರಿಗೆ ಊರೇ ಉಣ್ಣುವಷ್ಟು ಸಾರು ಹಿಡಿಯುವ ದಪ್ಪ ಅಲ್ಯೂಮಿನಿಯಂ ಪಾತ್ರೆಗಳು, ಕಂಠದಲ್ಲಿ ನಮ್ಮ ಅಂಗಡಿಯ ಹೆಸರು ಕೊರೆಸಿದ್ದವು.

ಈ ಡಬರಿಗಳಲ್ಲೇ ನಮ್ಮ ಕಡೆಯ ತೊಡಕಿರುವುದು. ಪೇಟೆಯ ಲಿಂಗಾಯತರ ಮನೆಗೆ ಹೋಗುವ ಪಾತ್ರೆಯಲ್ಲಿ ಯಾವ ಮಾಂಸವೂ ಬೆಂದಿರಬಾರದು. ಸರಿ, ಅದು ಎಲ್ಲ ಊರಲ್ಲೂ ಉಂಟು. ಆದರೆ ಚಳ್ಳಕೆರೆ, ಮೊಳಕಾಲ್ಮೂರು ಕಡೆ ಮ್ಯಾಸರ ಹಟ್ಟಿಗಳಿವೆಯಲ್ಲ, ದನ ಕುರಿ ಕಾಯ್ದುಕೊಂಡು ಬಂದ ಜನ, ಅವರಿಗೆ ಕುರಿ ಆಗುತ್ತದೆ, ಕೋಳಿ ಆಗದು. ಕೋಳಿ ತಿನ್ನುವುದಿರಲಿ, ಹಳೆಯ ಹಟ್ಟಿಗಳಲ್ಲಿ ಕೋಳಿ ಒಳಗೆ ಕಾಲಿಡುವಂತಿಲ್ಲ. ಕೋಳಿ ಬೆಂದ ಪಾತ್ರೆಯಲ್ಲಿ ಅವರಿಗೆ ಅಡಿಗೆಯಾಯಿತೋ, ದೇವರಿಗೆ ಮೈಲಿಗೆ, ಹಟ್ಟಿಗೆ ಮೈಲಿಗೆ, ಕೂಡಿದ ಸಂಬಂಧಕ್ಕೂ ಮೈಲಿಗೆ. ಹಾಗಾಗಿ ಗೋಡೌನಿನಲ್ಲಿ ಮೂರು ಬಗೆಯ ಡಬರಿಗಳು ಇರಬೇಕು. ನೋಡಲು ಮೂರೂ ಒಂದೇ. ತೊಳೆದು ಬೋರಲು ಹಾಕಿದರೆ ಬ್ರಹ್ಮ ಬಂದರೂ ಗುರುತು ಹಿಡಿಯಲಾರ. ಗುರುತು ಹಿಡಿಯುತ್ತಿದ್ದವಳು ಅತ್ತಿಗೆ ಒಬ್ಬಳೇ.

ಹೇಗೆ ಎಂದು ಕೇಳಿದರೆ ಒಂದು ದಿನ ಒಂದು ಉತ್ತರ, ಇನ್ನೊಂದು ದಿನ ಇನ್ನೊಂದು. ಬೆರಳ ಗೆಣ್ಣಿನಿಂದ ಡಬರಿ ಬಡಿದು ಕಿವಿಗೊಟ್ಟು, ‘ಸದ್ದೇ ಬ್ಯಾರೆ’ ಎನ್ನುವಳು. ಮಾರನೆಯ ದಿನ ಮೂಗು ಒಳಗಿಟ್ಟು ಮೂಸಿ, ‘ವಾಸ್ನೆ ಬರಲ್ವಾ ನಿಂಗೆ?’ ಎನ್ನುವಳು. ನಾನೂ ಬಡಿದೆ, ನಾನೂ ಮೂಸಿದೆ. ಸದ್ದು ಒಂದೇ, ವಾಸನೆ ಬೂದಿಯದು. ನನ್ನ ಕಿವಿ ಮೂಗುಗಳ ಮೇಲೇ ನನಗೆ ಅನುಮಾನ ಬಂತು.

ಒಮ್ಮೆ ಚಿತ್ರದುರ್ಗದಲ್ಲಿ ಸಣ್ಣ ಉದ್ದಿಮೆದಾರರಿಗೆ ಎಂದು ತರಬೇತಿ ಇಟ್ಟಿದ್ದರು. ಊಟ ಚೆನ್ನಾಗಿರುತ್ತದೆ ಎಂದು ಯಾರೋ ಹೇಳಿದ್ದಕ್ಕೆ ಹೋದೆ. ಅಲ್ಲಿ ಕನ್ನಡಕದ ಮೇಷ್ಟ್ರು ಒಬ್ಬರು, ವ್ಯಾಪಾರದಲ್ಲಿ ಮಾರಾಟ ಒಂದು ಭಾಗ, ಹಣಕಾಸು ಒಂದು ಭಾಗ, ಆಪರೇಷನ್ಸ್ ಒಂದು ಭಾಗ ಎಂದರು. ಮೊದಲೆರಡು ಎಲ್ಲರಿಗೂ ಕಾಣುತ್ತವಂತೆ, ಮೂರನೆಯದು ಕೆಟ್ಟಾಗ ಮಾತ್ರ ಕಾಣುತ್ತದಂತೆ. ದಿನನಿತ್ಯದ ಕೆಲಸ ಕೈಯಿಂದ ಕೈಗೆ ತಪ್ಪದೆ ಸಾಗುವ ಹಾಗೆ ನೋಡಿಕೊಳ್ಳುವುದೇ ಅದು, ನಿಮ್ಮಲ್ಲಿ ಅದನ್ನು ಯಾರು ನೋಡಿಕೊಳ್ಳುತ್ತಾರೆ ಎಂದು ಕೇಳಿದರು. ನಾನು ಎದ್ದು ನಿಂತು ‘ನಾನೇ ಸಾರ್’ ಅಂದೆ. ಅಲ್ಲಿದ್ದ ಎಲ್ಲ ಗಂಡಸರೂ ಹಾಗೇ ಅಂದರು.

ಊರಿಗೆ ಬಂದು ಅತ್ತಿಗೆಗೆ ಇದನ್ನೆಲ್ಲ ವಿವರಿಸಿದೆ. ಅವಳು ಪೂರ್ತಿ ಕೇಳಿಸಿಕೊಂಡು, ಆ ಮೂರರಲ್ಲಿ ಪಾತ್ರೆ ತೊಳೆಯುವುದು ಯಾವ ಭಾಗಕ್ಕೆ ಬರುತ್ತದೆ ಎಂದಳು. ಮೇಷ್ಟ್ರನ್ನು ಕೇಳಬೇಕಿತ್ತು.

ತರಬೇತಿಯ ಹುಮ್ಮಸ್ಸಿನಲ್ಲೇ ನಾನು ಡಬರಿಗಳಿಗೆ ಬಣ್ಣದ ಗುರುತು ಹಾಕಿಸಿದೆ. ಕಂಠದ ಕೆಳಗೆ ಬೊಟ್ಟಿನಷ್ಟು ಬಣ್ಣ, ಮಾಂಸ ಬೇಯದ್ದಕ್ಕೆ ಹಸಿರು, ಕುರಿಯದಕ್ಕೆ ಕೆಂಪು, ಕೋಳಿಯದಕ್ಕೆ ಹಳದಿ. ಅತ್ತಿಗೆ ಬೇಡವೆನ್ನಲಿಲ್ಲ. ಅಡಿಕೆ ಕತ್ತರಿಸುತ್ತಾ ನೋಡುತ್ತಿದ್ದಳು. ಕೆಲವೇ ದಿನಕ್ಕೆ ಪೇಟೆಯ ಗೃಹಿಣಿಯೊಬ್ಬರು ಮಗಳ ಮದುವೆಗೆ ಪಾತ್ರೆ ನೋಡಲು ಬಂದು, ಹಸಿರು ಬೊಟ್ಟಿನದನ್ನು ತಿರುಗಿಸಿ ನೋಡಿ, ಪಕ್ಕದ್ದರ ಹಳದಿ ಏನು ಎಂದು ಕೇಳಿದರು. ತೊಳೆಯುವ ಆಳು ಒಳ್ಳೆಯವನು, ಕೇಳಿದ್ದಕ್ಕೆ ಇದ್ದದ್ದು ಇದ್ದ ಹಾಗೆ ಹೇಳಿದ. ಆಯಮ್ಮ ಹಸಿರು ಬೊಟ್ಟಿನದನ್ನೂ ಕೆಳಗಿಟ್ಟು, ಸೆರಗು ಸರಿಮಾಡಿಕೊಂಡು ಹೊರಟುಹೋದರು. ಆ ಬುಕಿಂಗ್ ಕೈ ಬಿಟ್ಟಿತು. ಅತ್ತಿಗೆ ಬೆಳಗ್ಗೆಯೆಲ್ಲ ಕೂತು ತೆಂಗಿನ ನಾರು, ಮರಳು ಹಾಕಿ ತಿಕ್ಕಿ ಒಂದೊಂದೇ ಬೊಟ್ಟು ಅಳಿಸಿದಳು. ನಾನು ಸಿಡಿಮಿಡಿ ಎನ್ನುತ್ತಾ ಪಕ್ಕದಲ್ಲಿ ನಿಂತಿದ್ದೆ.

‘ಬ್ಯಾರೆ ಬ್ಯಾರೆ ಇಡ್ಬೇಕು ಕಣಪ್ಪ’ ಎಂದಳು. ‘ಇಟ್ಟೀವಿ ಅಂತ ಕಾಣಬಾರ್ದು.’

ಇದೊಂದೇ ಅವಳ ಬಾಯಿಂದ ಬಂದ ನೇರ ಉತ್ತರ. ಆದರೆ ಕಾಣದ ಹಾಗೆ ಬೇರೆ ಇಡುವುದೆಂದರೆ ಎಲ್ಲವೂ ಒಬ್ಬಳ ತಲೆಯೊಳಗೇ ಇರುವುದು ಎಂದಾಯಿತಲ್ಲ? ಆ ತಲೆಗೆ ಜ್ವರ ಬಂದರೆ ಏನು ಗತಿ ಎಂದು ಕೇಳಿದರೆ ನಕ್ಕಳು.

ಅವಳು ಜಗಳಗಂಟಿಯಲ್ಲ, ಹಟಮಾರಿ. ಹಿಂದಿನ ಮದುವೆಯ ಡಬರಿಗಳು ವಾಪಸ್ಸು ಬಂದು, ಅಂಗಳದಲ್ಲಿ ಒಂದು ಹಗಲು ಬಿಸಿಲು ಕಾಯುವವರೆಗೆ ಅವನ್ನು ಮುಂದಿನ ಮನೆಗೆ ಕಳಿಸುತ್ತಿರಲಿಲ್ಲ. ಮುಹೂರ್ತಗಳು ಒಂದರ ಬೆನ್ನಿಗೆ ಒಂದು ಇರುವಾಗ ಇದು ಹುಚ್ಚಾಟ. ಗಿರಾಕಿ ಬಾಗಿಲಲ್ಲಿ ನಿಂತಿದ್ದಾನೆ, ಡಬರಿ ಅಂಗಳದಲ್ಲಿ ಬಿಸಿಲು ಕಾಯುತ್ತಾ ಬಿದ್ದಿದೆ, ಕೊಡುವಂತಿಲ್ಲ. ನಾನು ಕೂಗಾಡುತ್ತಿದ್ದೆ. ಬಿಸಿಲಿಗೆ ಹಾಕುವುದರಿಂದ ಆಗುವುದೇನು ಎಂದು ಕೇಳಿದರೆ, ಬಿಸಿಲಿಗಲ್ಲ, ಹೊತ್ತಿಗೆ ಎಂದಳು. ತಂದವರು ಕೂತು ಮಾತಾಡಲು ಹೊತ್ತು ಬೇಡವೇ ಎಂದಳು. ನೋಡಿ, ಇದು ಉತ್ತರವೇ? ಪಾತ್ರೆ ತಂದವರು ಇಳಿಸಿ ಹೋಗಬೇಕು, ಅವರಿಗೇನು ಮಾತು?

ಆದರೆ ಅವಳು ಅವರನ್ನು ಬಿಡುತ್ತಿರಲಿಲ್ಲ. ಕೂರಿಸಿ, ಮಜ್ಜಿಗೆ ಕೊಟ್ಟು, ಮದುವೆ ಹೇಗಾಯಿತು, ಬೀಗರು ಮುನಿಸಿಕೊಂಡರಾ, ಅಡಿಗೆ ಏನು ಮಾಡಿಸಿದಿರಿ, ಕುರಿಯೋ ಕೋಳಿಯೋ, ಭಟ್ಟ ಯಾರು, ಉಪ್ಪು ಸರಿಯಾಗಿತ್ತಾ. ಲೋಕದ ಉಸಾಬರಿಯೆಲ್ಲ ಬೇಕು ಇವಳಿಗೆ ಎಂದು ನಾನು ಗಲ್ಲೆಯಲ್ಲಿ ಕೂತು ಹಲ್ಲು ಕಡಿಯುತ್ತಿದ್ದೆ.

ತಿನ್ನುವುದರಲ್ಲೂ ಅವಳು ಜೋರು. ಭಾನುವಾರ ನಾಟಿ ಕೋಳಿ ಸಾರು, ರಾಗಿಮುದ್ದೆ. ಎಲ್ಲರಿಗೂ ಬಡಿಸಿ ಕೊನೆಗೆ ಕೋಳಿಯ ಕುತ್ತಿಗೆ ತನ್ನ ತಟ್ಟೆಗೆ ಹಾಕಿಕೊಂಡು, ಗೋಡೆಗೆ ಒರಗಿ ಕೂತು, ಕಣ್ಣು ಮುಚ್ಚಿ ಚೀಪುತ್ತಿದ್ದಳು. ಆ ಹೊತ್ತಿನಲ್ಲಿ ಭೂಮಿ ಬಿರಿದರೂ ಇವಳು ಏಳುವುದಿಲ್ಲ ಎಂದು ಅಣ್ಣ ರೇಗಿಸುತ್ತಿದ್ದ. ಎದ್ದು ಹೋಗಿ ಏನು ಮಾಡಲಿ, ಸಾರು ಆರುತ್ತದೆ ಎನ್ನುವಳು.

ಹಟ್ಟಿಯವರೊಂದಿಗೆ ಅವಳದೊಂದು ವಾಡಿಕೆ ಬೆಳೆದಿತ್ತು. ಕೊಂಡ್ಲಹಳ್ಳಿ ಕಡೆಯ ಒಂದು ಹಟ್ಟಿಗೆ ಪಾತ್ರೆ ಹೋಗುವಾಗ ಅತ್ತಿಗೆಯೂ ಟ್ರ್ಯಾಕ್ಟರಿನಲ್ಲಿ ಹೋಗಬೇಕು. ಡಬರಿಗಳನ್ನು ಹಟ್ಟಿಯ ಹೊರಗಿನ ಹುಣಸೆಮರದ ಕೆಳಗೆ ಇಳಿಸುತ್ತಾರೆ. ಹಟ್ಟಿಯ ಯಜಮಾನರು ಕಂಬಳಿ ಹೊದ್ದು ಬಂದು ನಿಂತು ಕೇಳುತ್ತಾರೆ, ‘ನಮ್ಮವೇ ಏನಮ್ಮಾ?’ ಅತ್ತಿಗೆ ಹೇಳುತ್ತಾಳೆ, ‘ನಿಮ್ಮವೇ ಯಜಮಾನ್ರೇ.’ ಅಷ್ಟೇ. ಆಮೇಲೆ ಒಲೆ ಹಚ್ಚುತ್ತಾರೆ. ಅವಳು ಹೇಳದೆ ಒಲೆ ಹಚ್ಚುವುದಿಲ್ಲ. ಅವರು ಡಬರಿಯನ್ನು ಮುಟ್ಟಿ ನೋಡುವುದಿಲ್ಲ, ಮೂಸಿ ನೋಡುವುದಿಲ್ಲ. ಒಬ್ಬ ಹೆಂಗಸಿನ ಎರಡು ಮಾತಿನ ಮೇಲೆ ಇಡೀ ಹಟ್ಟಿ ಉಣ್ಣುತ್ತದೆ. ನನಗಿದು ವ್ಯಾಪಾರವೋ ಪೂಜೆಯೋ ಎಂದು ಅರ್ಥವಾಗುತ್ತಿರಲಿಲ್ಲ.

ಮೊಳಕಾಲ್ಮೂರಿನಲ್ಲಿ ಬಸ್‌ಸ್ಟ್ಯಾಂಡಿನ ಹತ್ತಿರ ನಾವು ಇನ್ನೊಂದು ಅಂಗಡಿ ತೆರೆದದ್ದು ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ. ಅಣ್ಣ ಅಲ್ಲಿಗೆ ಹೋದ. ಅತ್ತಿಗೆ ಅಲ್ಲೊಂದು ಕಾಲು, ಇಲ್ಲೊಂದು ಕಾಲು. ಬೇಸಿಗೆಯ ಮುಹೂರ್ತಗಳ ನಡುವೆ ಅವಳು ಚಳ್ಳಕೆರೆಯಲ್ಲಿ ಜ್ವರ ಬಂದು ಮಲಗಿದಳು. ನಾನು ಹಿಂದೆ ಕೇಳಿದ್ದೆನಲ್ಲ, ಹಾಗೇ ಆಯಿತು.

ಅದೇ ಹೊತ್ತಿಗೆ ಆ ಹಟ್ಟಿಯಲ್ಲಿ ಯಜಮಾನರ ಮೊಮ್ಮಗನ ಮದುವೆಯಾಗಿ ಬೀಗರ ಊಟ ಇತ್ತು. ಹೆಣ್ಣಿನ ಕಡೆಯವರು ಬರುತ್ತಾರೆ, ಕುರಿ ಕಡಿಯುತ್ತಾರೆ. ಹಿಂದಿನ ದಿನ ಮೊಳಕಾಲ್ಮೂರಿನ ಪೇಟೆಯಲ್ಲಿ ಒಂದು ಆರತಕ್ಷತೆ. ಅಲ್ಲಿ ಒಂದು ಡಬರಿಯಲ್ಲಿ ಕೋಳಿ ಸಾರು ಮಾಡಿದ್ದರು. ಬೆಳಗ್ಗೆಯೇ ಅದನ್ನು ಹುಣಸೆಹಣ್ಣು ಬೂದಿ ಹಾಕಿ ಫಳಫಳ ತಿಕ್ಕಿ ತಂದುಕೊಟ್ಟರು. ಅಣ್ಣ ಶಾಮಿಯಾನ ಬಿಚ್ಚಿಸಲು ಹೋಗಿದ್ದ. ಗೋಡೌನಿನಲ್ಲಿದ್ದವನು ರಾಯದುರ್ಗದ ಕಡೆಯ ಹೊಸ ಆಳು. ವಯಸ್ಸಾದವನು, ತುಂಬಾ ಅಚ್ಚುಕಟ್ಟು. ಹಟ್ಟಿಗೆಂದು ಬೇರೆ ಇಟ್ಟಿದ್ದ ಡಬರಿಗಳ ಮೇಲೇ ಇದನ್ನೂ ಚಂದವಾಗಿ ಬೋರಲು ಹಾಕಿದ. ಟ್ರ್ಯಾಕ್ಟರು ಬಂತು, ಎಲ್ಲವನ್ನೂ ಹೇರಿ ಕಳಿಸಿದ.

ಅತ್ತಿಗೆ ಜ್ವರದಲ್ಲೇ ಎದ್ದು ಮೊದಲ ಬಸ್ಸಿಗೆ ಹೊರಟಿದ್ದಳು. ಬಿಡಲಾರದೆ ನಾನೂ ಜೊತೆಗೆ ಹೋಗಿದ್ದೆ. ನಾವು ಹೋಗಿ ಇಳಿದಾಗ ಗೋಡೌನು ಖಾಲಿ. ‘ಅನ್ನೀ ಪೋಯಿನಾಯಕ್ಕಾ’ ಎಂದು ಆಳು ತೆಲುಗಿನಲ್ಲಿ ಖುಷಿಯಿಂದ ಹೇಳಿದ, ಎಲ್ಲ ಹೋದವಕ್ಕಾ, ಒಂದೇ ಟ್ರಿಪ್ಪಿಗೆ. ನಿನ್ನೆ ಪೇಟೆಗೆ ಹೋಗಿದ್ದ ಡಬರಿ ಎಲ್ಲಿ ಎಂದು ಅತ್ತಿಗೆ ಕೇಳಿದಳು. ಅದೂ ಹೋಯಿತು ಎಂದ. ಅಷ್ಟರಲ್ಲಿ ಅಣ್ಣ ಬಂದ. ವಿಷಯ ಕೇಳಿ, ತೊಳೆದಿದ್ದಾರಲ್ಲ, ಯಾರಿಗೆ ಗೊತ್ತಾಗುತ್ತದೆ, ಸುಮ್ಮನಿರು ಎಂದ. ನಿಜ ಹೇಳಬೇಕೆಂದರೆ ಅದು ಬುದ್ಧಿಯ ಮಾತೆಂದೇ ನನಗೂ ಅನ್ನಿಸಿತು.

‘ಅವ್ರು ಕೇಳ್ತಾರಲ್ಲ’ ಎಂದಳು ಅತ್ತಿಗೆ.

ಕೇಳಿಯೂ ಬಿಟ್ಟರು. ಹಟ್ಟಿಯಿಂದ ಒಬ್ಬಾತ ಟಿವಿಎಸ್ ಗಾಡಿಯಲ್ಲಿ ಬಂದ. ಡಬರಿ ಬಂದಿವೆ, ಅಮ್ಮ ಬಂದಿಲ್ಲ, ಬೀಗರು ದಾರಿಯಲ್ಲಿದ್ದಾರೆ, ಯಜಮಾನರು ಒಲೆ ಹಚ್ಚಲು ಬಿಡುತ್ತಿಲ್ಲ ಎಂದ.

ಅಣ್ಣನ ಸ್ಕೂಟರಿನಲ್ಲಿ ಅವಳನ್ನು ಕೂರಿಸಿಕೊಂಡು ಹೊರಟೆ. ಜ್ವರದ ಮೈ ನನ್ನ ಬೆನ್ನಿಗೆ ತಾಗಿ ಸುಡುತ್ತಿತ್ತು. ನಾನು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದೆ. ಕೋಳಿಯ ಡಬರಿ ಬಂದಿದೆ ಎಂದರೆ ಬೀಗರ ಊಟ ನಿಂತಿತು, ಬಂದ ಬೀಗರ ಎದುರಿಗೆ ಹಟ್ಟಿಯ ಮಾನ ಹೋಯಿತು, ಆ ಕಡೆ ಒಂದು ಹಟ್ಟಿಯವರೂ ಮುಂದೆ ನಮ್ಮ ಅಂಗಡಿ ಮೆಟ್ಟಲು ಹತ್ತುವುದಿಲ್ಲ. ಬಂದಿಲ್ಲ ಎಂದರೆ ಅದು ಸುಳ್ಳು. ಬೇರೆ ಡಬರಿ ಒದಗಿಸೋಣವೆಂದರೆ ಮಿಕ್ಕವೆಲ್ಲ ಬೇರೆ ಮದುವೆಗಳಲ್ಲಿ ಒಲೆಯ ಮೇಲಿವೆ. ಏನು ಹೇಳ್ತೀರಿ ಎಂದು ದಾರಿಯಲ್ಲಿ ಎರಡು ಸಲ ಕೇಳಿದೆ. ಗಾಡಿ ಓಡಿಸು ಎಂದಳು.

ಹುಣಸೆಮರದ ಕೆಳಗೆ ಡಬರಿಗಳು ಸಾಲಾಗಿ ಬೋರಲು ಬಿದ್ದಿದ್ದವು. ಹೆಂಗಸರು ಈರುಳ್ಳಿ ಹೆಚ್ಚಿಕೊಂಡು ಕೂತಿದ್ದರು. ಕುರಿ ಕಡಿದಾಗಿತ್ತು. ಒಲೆಗೆ ಸೌದೆ ಒಟ್ಟಿದ್ದರು, ಬೆಂಕಿ ಇಲ್ಲ. ಹೆಣ್ಣಿನ ಕಡೆಯವರು ಅಷ್ಟೊತ್ತಿಗೆ ಬಂದು ಜಮಖಾನದ ಮೇಲೆ ಕೂತು ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಯಜಮಾನರು ಬಂದು ನಿಂತು ಎಂದಿನ ಹಾಗೆ ಕೇಳಿದರು.

‘ನಮ್ಮವೇ ಏನಮ್ಮಾ?’

ಅತ್ತಿಗೆ ಎಂದಿನ ಉತ್ತರ ಕೊಡಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಸಾಲಿನ ಉದ್ದಕ್ಕೂ ನಡೆದಳು. ಒಂದೊಂದೇ ಡಬರಿಯನ್ನು ಗೆಣ್ಣಿನಿಂದ ಬಡಿದಳು, ಎತ್ತಿ ಮೂಸಿದಳು, ಇಟ್ಟಳು. ಕೊನೆ ಮುಟ್ಟಿ ಮತ್ತೆ ವಾಪಸ್ಸು ಬಂದಳು. ನಡುವಿನ ಒಂದರ ಮೇಲೆ ಕೈಯಿಟ್ಟು ನಿಂತಳು.

‘ಇದೊಂದು ತಪ್ಪಿ ಬಂದೈತೆ ಯಜಮಾನ್ರೇ. ತಪ್ಪು ನಮ್ದು. ಮಿಕ್ಕವು ನಿಮ್ಮವೇ.’

ಗುಂಪಿನಲ್ಲಿ ಗುಜುಗುಜು ಎದ್ದಿತು. ಯಜಮಾನರು ಅವಳ ಮುಖವನ್ನು ಬಹಳ ಹೊತ್ತು ನೋಡಿದರು. ಆಮೇಲೆ, ಅದನ್ನು ಆಚೆ ತಗೊಂಡು ಹೋಗಮ್ಮ ಎಂದು ಹೇಳಿ, ಒಲೆ ಹಚ್ಚಿರೋ ಎಂದರು. ಆ ಡಬರಿ ಇದ್ದ ಜಾಗಕ್ಕೆ ನೀರು ಚಿಮುಕಿಸಿದರು. ಅತ್ತಿಗೆ ಡಬರಿಯನ್ನು ತಲೆಯ ಮೇಲೆ ಹೊತ್ತು ರಸ್ತೆಯವರೆಗೆ ನಡೆದೇ ಬಂದಳು. ನಾನು ಸ್ಕೂಟರನ್ನು ಪಕ್ಕದಲ್ಲಿ ತಳ್ಳಿಕೊಂಡು ಬಂದೆ. ಹಿಂದೆ ಹೊಗೆ ಏಳುವುದು ಕಾಣಿಸಿತು. ನನಗೆ ಹೋದ ಜೀವ ಬಂದ ಹಾಗಾಯಿತು. ಹೇಗೆ ಗೊತ್ತಾಯ್ತು ಅತ್ತಿಗೆ ಎಂದರೆ, ಗೊತ್ತಾಯ್ತು ಎಂದಳು.

ಅದರ ಮುಂದಿನ ದಿನಗಳಲ್ಲಿ ನನ್ನ ಹೆಂಡತಿಗೆ ಸದ್ದಿನಿಂದ ಗೊತ್ತಾಯಿತೆಂದಳಂತೆ, ಅಣ್ಣನಿಗೆ ಕಂಠದಲ್ಲಿ ನೆಗ್ಗು ಇತ್ತೆಂದಳಂತೆ, ನನಗೆ ವಾಸನೆ ಎಂದಳು. ನಾನು ಬಿಡದೆ ನಮ್ಮ ಡಬರಿಗಳನ್ನೆಲ್ಲ ತಿರುಗಿಸಿ ನೋಡಿದೆ. ನೆಗ್ಗಿಲ್ಲದ ಡಬರಿ ಒಂದೂ ಇರಲಿಲ್ಲ. ಆ ಡಬರಿಯನ್ನು ಅವಳು ಮತ್ತೆ ಯಾವ ಮನೆಗೂ ಕಳಿಸಲಿಲ್ಲ. ಚಳ್ಳಕೆರೆಯ ಹಿತ್ತಲಿಗೆ ತರಿಸಿ ಮೇಕೆಗಳಿಗೆ ನೀರು ಕುಡಿಯಲು ಇಟ್ಟಳು. ಒಳ್ಳೆಯ ಡಬರಿ ಹಾಳಾಯಿತು ಎಂದು ನಾನು ಗೊಣಗಿದ್ದು ನೆನಪಿದೆ.

ಹಟ್ಟಿಯವರು ಇನ್ನು ಬರುವುದಿಲ್ಲ ಎಂದುಕೊಂಡಿದ್ದೆ. ಬಂದರು. ಮುಂಚೆಗಿಂತ ಹೆಚ್ಚಾಗಿ ಬಂದರು, ಸುತ್ತಲಿನ ಹಟ್ಟಿಗಳವರನ್ನೂ ಕಳಿಸಿದರು. ತಪ್ಪು ಪಾತ್ರೆ ಕಳಿಸಿದ ಅಂಗಡಿಗೆ ಜನ ಹೆಚ್ಚುವುದೆಂದರೆ ಯಾವ ಲೆಕ್ಕ? ಚಿತ್ರದುರ್ಗದ ಮೇಷ್ಟ್ರು ಇದನ್ನು ಹೇಳಿರಲಿಲ್ಲ.

ಅದೇ ಸುಮಾರಿಗೆ ಅತ್ತಿಗೆ ಕೋಳಿ ತಿನ್ನುವುದನ್ನು ಬಿಟ್ಟಳು. ಭಾನುವಾರ ಎಲ್ಲರಿಗೂ ಮಾಡಿ ಬಡಿಸುವಳು, ತಾನು ಮಾತ್ರ ಮುದ್ದೆಗೆ ಸೊಪ್ಪಿನ ಸಾರು. ಹಲ್ಲು ನೋವು ಎಂದಳು. ಹಲ್ಲು ನೋಯುವವಳು ಕುರಿಯ ಮೂಳೆ ಕಡಿಯುತ್ತಿದ್ದಳು. ಇನ್ನೊಮ್ಮೆ ಕೋಳಿ ಉಷ್ಣ ಎಂದಳು. ಬೇಸಿಗೆಯೆಲ್ಲ ತಿಂದವಳಿಗೆ ಈಗೇನು ಉಷ್ಣ? ಅಣ್ಣ ಕುತ್ತಿಗೆಯ ತುಂಡನ್ನು ಅವಳ ತಟ್ಟೆಗೆ ಹಾಕಲು ಹೋದರೆ ತಟ್ಟೆ ಹಿಂದೆ ಎಳೆದುಕೊಂಡಳು. ವಯಸ್ಸಾಯಿತಲ್ಲ, ನಾಲಿಗೆ ಕೆಟ್ಟಿರಬೇಕು ಎಂದುಕೊಂಡೆವು.

ಈ ವಿದ್ಯೆ ಅವಳೊಂದಿಗೇ ಹೋಗಬಾರದು ಎಂದು ನನ್ನ ಹೆಂಡತಿಯನ್ನು ಗೋಡೌನಿಗೆ ಕಳಿಸಿದೆ. ಅತ್ತಿಗೆ, ಬಾ ಕೂತ್ಕ ಎಂದಳಂತೆ. ಇವಳು ತಿಂಗಳುಗಟ್ಟಲೆ ಕೂತಳು. ಏನು ಕಲಿತೆ ಎಂದರೆ, ಅಕ್ಕ ಬಡಿಯುವುದೂ ಇಲ್ಲ, ಮೂಸುವುದೂ ಇಲ್ಲ, ಅದೆಲ್ಲ ನಿಮ್ಮ ಮುಂದೆ ಆಟ ಎಂದು ನಕ್ಕಳು. ಪಾತ್ರೆ ತಂದವರನ್ನು ಕೂರಿಸಿ ಏನು ಅಡಿಗೆ ಮಾಡಿದಿರಿ ಎಂದು ಕೇಳುವುದೇ ಅಕ್ಕನ ವಿದ್ಯೆಯಂತೆ. ಕೇಳಿದ್ದನ್ನು ನೆನಪಿಟ್ಟುಕೊಂಡು ಡಬರಿಯನ್ನು ಅದರ ಜಾಗಕ್ಕೆ ತಾನೇ ನಿಂತು ಹಾಕಿಸುವುದು. ಸರಿಯಾಗಿ ಹೇಳುತ್ತಿದ್ದಾರೋ ಇಲ್ಲವೋ ಎಂದು ಅನುಮಾನ ಬಂದರೆ ಇನ್ನೊಂದು ಲೋಟ ಮಜ್ಜಿಗೆ ಕೊಟ್ಟು ಇನ್ನೊಂದು ರೀತಿಯಲ್ಲಿ ಕೇಳುವುದು. ಅದಕ್ಕೇ ಹೊತ್ತು ಬೇಕು, ಅದಕ್ಕೇ ಬಿಸಿಲಿನ ನೆಪ.

ಅಯ್ಯೋ ಶಿವನೇ! ನಾನು ಹಲ್ಲು ಕಡಿದದ್ದು ಅಂಗಡಿಯನ್ನು ನಡೆಸುತ್ತಿದ್ದ ಕೆಲಸವನ್ನೇ ಕಂಡು. ಒಂದು ಗಂಟು ಬಿಚ್ಚಿತು ಎಂದು ಸಂತೋಷಪಡಬೇಕು, ಇನ್ನೊಂದು ಬಿಗಿಯಿತು. ಬಡಿಯುವುದು ಆಟವಾದರೆ, ಮೂಸುವುದು ಆಟವಾದರೆ, ಅವಳಿಗೆ ಕೇಳಿಯೇ ಗೊತ್ತಾಗುವುದಾದರೆ, ಆ ದಿನ ಅವಳು ಜ್ವರದಿಂದ ಚಳ್ಳಕೆರೆಯಲ್ಲಿ ಮಲಗಿದ್ದಳಲ್ಲ? ಡಬರಿಯನ್ನು ಅವಳು ಹಾಕಿಸಿರಲಿಲ್ಲವಲ್ಲ? ಹಾಗಾದರೆ ಹುಣಸೆಮರದ ಕೆಳಗೆ ಆ ಒಂದನ್ನು ಹೇಗೆ ಗುರುತಿಸಿದಳು? ಹಲವು ಸಲ ಕೇಳಬೇಕೆಂದುಕೊಂಡು ಅವಳೆದುರು ಹೋಗಿ ನಿಂತಿದ್ದೇನೆ. ಅವಳು ಏನಪ್ಪಾ ಎನ್ನುವಳು, ನಾನು ಏನಿಲ್ಲ ಅತ್ತಿಗೆ ಎಂದು ಬರುವೆ.

ಅವಳು ಹೋದದ್ದು ಸಣ್ಣ ಕಾಯಿಲೆಯಲ್ಲಿ, ಯಾರಿಗೂ ತೊಂದರೆ ಕೊಡದೆ. ನನಗೆ ಎರಡನೆಯ ಸಲ ಅವ್ವ ಸತ್ತ ಹಾಗಾಯಿತು. ತಿಥಿಯ ದಿನ ಎಡೆ ಇಡಬೇಕಲ್ಲ, ಹೋದವರಿಗೆ ಇಷ್ಟವಾದದ್ದನ್ನೆಲ್ಲ ಮಾಡಿ ಎಲೆಯ ಮೇಲೆ ಇಡುವುದು. ಕಡುಬು, ವಡೆ, ಕುರಿ ಸಾರು, ಎಲೆಅಡಿಕೆ. ಅಣ್ಣ ಕೋಳಿಯೂ ಆಗಬೇಕು ಎಂದು ಹಟ ಹಿಡಿದ. ಅವಳಿಗೆ ನಾಟಿ ಕೋಳಿ ಎಂದರೆ ಪ್ರಾಣ, ಕುತ್ತಿಗೆ ತುಂಡು ಇಡದಿದ್ದರೆ ಅದೆಂಥ ಎಡೆ ಎಂದ. ನನ್ನ ಹೆಂಡತಿ ಕೂಡದು ಎಂದಳು. ಎಷ್ಟೋ ವರ್ಷದಿಂದ ಅಕ್ಕ ಬಿಟ್ಟಿದ್ದನ್ನು ಸತ್ತ ಮೇಲೆ ಬಾಯಿಗೆ ತುರುಕುವುದೇ ಎಂದಳು. ಮಾತಿಗೆ ಮಾತು ಬೆಳೆದು ಇಬ್ಬರೂ ನನ್ನ ಕಡೆ ತಿರುಗಿದರು. ನನಗೇನು ಗೊತ್ತು? ಅವಳು ಯಾಕೆ ಬಿಟ್ಟಳೆಂದೇ ಗೊತ್ತಿಲ್ಲದವನಿಗೆ ಅವಳಿಗೆ ಏನು ಬೇಕೆಂದು ಹೇಗೆ ಗೊತ್ತಾದೀತು?

ಹಟ್ಟಿಯ ಯಜಮಾನರು ತಿಥಿಗೆಂದು ಬಂದು ಅಂಗಳದ ಮಂಚದ ಮೇಲೆ ಕೂತಿದ್ದರು. ತುಂಬಾ ಹಣ್ಣಾಗಿದ್ದರು. ಅವರ ಮುಂದೆ ಕೋಳಿಯ ಮಾತು ಎತ್ತಬಾರದಿತ್ತು, ಜಗಳದಲ್ಲಿ ನಮಗೆ ಅದರ ಪರಿವೆ ಇರಲಿಲ್ಲ. ಅವರು ಕೈಸನ್ನೆ ಮಾಡಿ ನನ್ನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು.

ಆ ಬೀಗರ ಊಟವಾಗಿ ಒಂದೆರಡು ದಿನಕ್ಕೆ ಅತ್ತಿಗೆ ಒಬ್ಬಳೇ ಬಸ್ಸಿನಲ್ಲಿ ಬಂದು, ಹಟ್ಟಿಯೊಳಗೆ ಬರದೆ ಹುಣಸೆಮರದ ಕೆಳಗೆ ಕೂತು, ಇವರನ್ನು ಕರೆಸಿದ್ದಳಂತೆ. ಅವತ್ತು ತಾನು ತೋರಿಸಿದ ಡಬರಿ ಅದೇ ಹೌದೋ ಅಲ್ಲವೋ ತನಗೆ ಗೊತ್ತಿರಲಿಲ್ಲ ಎಂದಳಂತೆ. ಬೀಗರು ಬಂದು ಕೂತಿದ್ದರು, ಒಲೆ ಹತ್ತಲಿ ಎಂದು ಒಂದರ ಮೇಲೆ ಕೈಯಿಟ್ಟೆ, ಆ ಕೈ ತಪ್ಪಿದ್ದರೆ ಪಾಪ ನನ್ನದು, ನಿಮ್ಮ ಹಟ್ಟಿಯದಲ್ಲ ಎಂದು ಅತ್ತಳಂತೆ. ಇನ್ನು ಸಾಯುವ ತನಕ ಕೋಳಿ ಮುಟ್ಟುವುದಿಲ್ಲ ಎಂದು ಮಣ್ಣು ಮುಟ್ಟಿ ಮಾತು ಕೊಟ್ಟಳಂತೆ. ಇವರು ಅದನ್ನು ಹಟ್ಟಿಯಲ್ಲಿ ಯಾರಿಗೂ ಹೇಳಿಲ್ಲ, ದೇವರೆದುರು ಒಬ್ಬರೇ ಹೇಳಿಕೊಂಡಿದ್ದಾರೆ.

ಅವಳು ಬಂದು ಹೇಳುವವರೆಗೆ ನಿಮಗೂ ತಿಳಿಯಲಿಲ್ಲವೇ ಎಂದು ಕೇಳಿದೆ. ಅವರು ಬೊಚ್ಚುಬಾಯಿ ಬಿಟ್ಟು ನಕ್ಕರು.

‘ಡಬರಿ ಬಡಿದ್ರೆ ಕೋಳಿ ಕೂಗ್ತೈತೇನಪ್ಪಾ? ನಂಗೆ ಅವತ್ತೇ ಗೊತ್ತಿತ್ತು. ಎಲ್ಲಾ ನಿಮ್ಮವೇ ಅಂತ ಹೇಳಿ ಹೋಗ್ಬೋದಿತ್ತು ಆಯಮ್ಮ. ತಪ್ಪು ನಮ್ದು ಅಂದ್ಲಲ್ಲ, ಅಷ್ಟು ಜನದ ಮುಂದೆ.’

ಇಷ್ಟು ವರ್ಷ ಅವಳಿಗೆ ಹೇಗೆ ಗೊತ್ತಾಯಿತು ಎಂದು ತಲೆ ಕೆಡಿಸಿಕೊಂಡವನು ನಾನು. ಗೊತ್ತಿರಲಿಲ್ಲ ಎಂದು ತಿಳಿದ ಮೇಲೆ ತಲೆ ಇನ್ನೂ ಕೆಟ್ಟಿತು. ಯಾವುದರ ಮೇಲೆ ನಿಂತಿತ್ತು ಹಾಗಾದರೆ ನಮ್ಮ ಅಂಗಡಿ?

ಯಜಮಾನರು ನನ್ನ ಹೆಗಲು ಹಿಡಿದು ಎದ್ದರು. ಕಂಬಳಿ ಕೊಡವಿ ಹೊದ್ದುಕೊಂಡರು.

‘ಸಾಯೋ ತನ್ಕ ಅಂದಿದ್ಲು. ಸತ್ಲಲ್ಲಪ್ಪಾ. ಇನ್ನು ಇಡ್ರಿ, ತಿನ್ಲಿ’ ಎಂದರು. ‘ನಾ ಆ ಕಡೆ ಕೂತಿರ್ತೀನಿ. ಆದ್ಮೇಲೆ ಕರೀರಿ.’

ರಸ್ತೆ ದಾಟಿ ಆಚೆಯ ಬೇವಿನ ಮರದ ಕೆಳಗೆ ಹೋಗಿ, ನಮ್ಮ ಮನೆಗೆ ಬೆನ್ನು ಮಾಡಿ ಕೂತರು. ಅಣ್ಣ ಅಳುತ್ತಲೇ ಕೋಳಿ ತರಲು ಹೋದ. ನನ್ನ ಹೆಂಡತಿ ಕಣ್ಣೊರೆಸಿಕೊಂಡು ಒಲೆ ಹಚ್ಚಿ, ಮಸಾಲೆ ಅರೆದಿಟ್ಟು, ಗೋಡೌನಿನ ಬಾಗಿಲಿಗೆ ಬಂದು ನಿಂತಳು. ಬಂಧುಬಳಗಕ್ಕೆಲ್ಲ ಆಗಬೇಕಲ್ಲ, ದೊಡ್ಡ ಪಾತ್ರೆಯೇ ಬೇಕು. ಒಳಗೆ ಡಬರಿಗಳು ಸಾಲಾಗಿ ಬೋರಲು ಬಿದ್ದಿದ್ದವು. ಅತ್ತಿಗೆ ಕಾಯಿಲೆ ಬಿದ್ದ ಮೇಲೆ ಬಂದವು ಎಷ್ಟೋ, ಹೋದವು ಎಷ್ಟೋ, ತಂದವರನ್ನು ಕೂರಿಸಿ ಕೇಳಿದವರಿಲ್ಲ.

ಯಾವುದರಲ್ಲಿ ಮಾಡಲಿ ಎಂದು ಹೆಂಡತಿ ಕೇಳಿದಳು.

ನಾನು ಬಾಗಿಲಲ್ಲಿ ಎಲೆಅಡಿಕೆ ಮೆಲ್ಲುತ್ತಾ ಕೂರುತ್ತಿದ್ದವಳ ಜಾಗದ ಕಡೆ ತಿರುಗಿ, ‘ಅತ್ತಿಗೆ, ಯಾವ್ದು?’ ಅಂದೆ.